ಸರಳು, ತಗಡು, ಮನುಷ್ಯ: ಅಮೂರ್ತ ಲೋಹಶಿಲ್ಪ ಮಾಡುವ ಬಗೆ

ಲೋಹದಲ್ಲಿ ಮನುಷ್ಯನನ್ನು ಅಮೂರ್ತವಾಗಿ ಮಾಡುವುದು ಅಂದರೆ ಕಣ್ಣು, ಮೂಗು, ಬೆರಳು ಬಿಟ್ಟುಬಿಡುವುದು ಅಂತ ಎಷ್ಟೋ ಜನ ತಿಳಿದಿರುತ್ತಾರೆ. ಬಿಡುವ ಕೆಲಸ ಆಮೇಲಿನದು. ಏನನ್ನು ಉಳಿಸಿಕೊಳ್ಳಬೇಕು ಅನ್ನುವುದು ಮೊದಲು ಗೊತ್ತಾಗಬೇಕು. ನನ್ನ ಪ್ರಕಾರ ಉಳಿಯಲೇಬೇಕಾದದ್ದು ಒಂದೇ: ಮೈಯ ಭಾರ ಎಲ್ಲಿ ಬೀಳುತ್ತಿದೆ ಅನ್ನುವುದು. ದೂರದಿಂದ ನಡೆದು ಬರುವ ಪರಿಚಿತರನ್ನು ಮುಖ ಕಾಣುವ ಮೊದಲೇ ಗುರುತು ಹಿಡಿಯುತ್ತೇವೆ, ಅಲ್ವಾ? ಸೊಂಟ ವಾಲಿದ ರೀತಿ, ಭುಜ ಇಳಿದ ರೀತಿ, ಕತ್ತು ಮುಂದೆ ಬಾಗಿದ ರೀತಿ ಅಷ್ಟಕ್ಕೆ ಸಾಕು. ಆ ವಾಲು ಸರಿಯಾಗಿ ಬಂದರೆ ನಾಲ್ಕು ಸರಳು, ಎರಡು ತುಂಡು ತಗಡಿನಲ್ಲೂ ಮನುಷ್ಯ ಎದ್ದು ನಿಲ್ಲುತ್ತಾನೆ. ಅದು ತಪ್ಪಿದರೆ ಹತ್ತು ಬೆರಳನ್ನೂ ಬೆಸೆದು ಕೂರಿಸಿದರೂ ನಿಲ್ಲುವುದಿಲ್ಲ.

ಇಲ್ಲಿ ಸುಮಾರು 60 ಸೆಂ.ಮೀ. ಎತ್ತರದ, ನಿಂತ ಭಂಗಿಯ ಒಂದು ಆಕೃತಿಯನ್ನು ಉಕ್ಕಿನಲ್ಲಿ ಮಾಡುವ ದಾರಿ ಹೇಳುತ್ತೇನೆ. ವೆಲ್ಡಿಂಗ್ ಮೊದಲೇ ಗೊತ್ತಿದ್ದವರಿಗೆ ಇದು ಕಷ್ಟವಲ್ಲ. ಗೊತ್ತಿಲ್ಲದವರು ಬಲ್ಲವರ ಪಕ್ಕದಲ್ಲಿ ನಿಂತು ಕೈ ಪಳಗಿಸಿಕೊಂಡು ಆಮೇಲೆ ಬನ್ನಿ. ಓದಿಕೊಂಡು ಕಲಿಯುವ ಕೆಲಸ ಅದಲ್ಲ.

ಶುರು ಮಾಡುವ ಮೊದಲು ನೋಡಿ

ಒಳ್ಳೆಯ ಶಿಲ್ಪಗಳ ಫೋಟೋ ಮುಂದಿಟ್ಟುಕೊಂಡು ಒಂದೆರಡು ದಿನ ಸುಮ್ನೆ ನೋಡಿ. ಇಟಲಿಯ ಉಂಬೆರ್ಟೊ ಬೊಚ್ಚೋನಿ 1913ರಲ್ಲಿ ದಾಪುಗಾಲು ಹಾಕುವ ಒಂದು ಆಕೃತಿಯನ್ನು ಪ್ಲಾಸ್ಟರಿನಲ್ಲಿ ಮಾಡಿದರು. ಅದನ್ನು ಕಂಚಿನಲ್ಲಿ ಎರಕ ಹೊಯ್ದದ್ದು ಅವರು ಸತ್ತ ಮೇಲೆ. ಇಟಲಿಯ 20 ಸೆಂಟ್ ಯೂರೋ ನಾಣ್ಯದ ಮೇಲಿರುವುದು ಅದೇ. ಅದಕ್ಕೆ ಕೈಗಳೇ ಇಲ್ಲ. ನಡಿಗೆಯ ರಭಸದಲ್ಲಿ ಮಾಂಸಖಂಡಗಳು ಗಾಳಿಗೆ ಹಿಂದಕ್ಕೆ ಎಳೆದಂತೆ ಕಾಣುತ್ತವೆ. ಅಲ್ಬೆರ್ಟೊ ಜಾಕೊಮೆಟ್ಟಿ 1960ರಲ್ಲಿ ಮಾಡಿದ ನಡೆಯುವ ಮನುಷ್ಯನದೂ ಅದೇ ನಡಿಗೆ, ಆದರೆ ಮೈ ಕಡ್ಡಿಯಷ್ಟು ಸಣ್ಣ. ಅದರ ಪಾದಗಳನ್ನು ಗಮನಿಸಿ. ಮೈಗೆ ಹೋಲಿಸಿದರೆ ಅವು ತೀರ ದಪ್ಪ. ಅಷ್ಟು ಬಡಕಲು ಮೈ ಗಾಳಿಗೆ ಹಾರಿಹೋಗದೆ ನೆಲ ಕಚ್ಚಿ ನಿಂತಿರುವುದು ಆ ಪಾದಗಳಿಂದ. ಒಬ್ಬರು ಸೇರಿಸುತ್ತ ಹೋದರು, ಇನ್ನೊಬ್ಬರು ಕೆತ್ತುತ್ತ ಹೋದರು. ಇಬ್ಬರೂ ನಡಿಗೆಯನ್ನು ಮಾತ್ರ ಬಿಡಲಿಲ್ಲ.

ವೆಲ್ಡಿಂಗ್‌ನಲ್ಲಿ ಕೆಲಸ ಮಾಡುವವರು ಎಲ್ಲರಿಗಿಂತ ಜಾಸ್ತಿ ನೋಡಬೇಕಾದದ್ದು ಹೂಲಿಯೊ ಗೊನ್ಸಾಲೆಸ್ ಅವರ ಕೆಲಸ. ಬಾರ್ಸಿಲೋನಾದಲ್ಲಿ 1876ರಲ್ಲಿ ಹುಟ್ಟಿದ ಅವರು ಅಪ್ಪನ ಲೋಹದ ಕಾರ್ಖಾನೆಯಲ್ಲೇ ಕೆಲಸ ಕಲಿತವರು. ಪ್ಯಾರಿಸ್ ಹತ್ತಿರದ ರೆನೊ ಕಾರ್ಖಾನೆಯಲ್ಲಿ 1918ರಲ್ಲಿ ಗ್ಯಾಸ್ ವೆಲ್ಡಿಂಗ್ ಕಲಿತರು. ಹತ್ತು ವರ್ಷ ಕಳೆದು ಪಿಕಾಸೊಗೆ ಲೋಹದಲ್ಲಿ ಶಿಲ್ಪ ಮಾಡುವ ಮನಸ್ಸಾದಾಗ ನೆರವಿಗೆ ನಿಂತವರು ಇವರೇ. ಸೋಸುವ ತೂತಿನ ಬಟ್ಟಲುಗಳನ್ನೇ ತಲೆಬುರುಡೆ ಮಾಡಿಕೊಂಡ ಪಿಕಾಸೊ ಅವರ ಹೆಂಗಸಿನ ತಲೆ ಆ ಜೊತೆಗಾರಿಕೆಯಲ್ಲಿ ಹುಟ್ಟಿದ್ದು.

1937ರ ಪ್ಯಾರಿಸ್ ಪ್ರದರ್ಶನದಲ್ಲಿ ಸ್ಪೇನಿನ ಮಂಟಪಕ್ಕೆ ಗೊನ್ಸಾಲೆಸ್ ಒಬ್ಬ ರೈತ ಹೆಂಗಸನ್ನು ಮಾಡಿಕೊಟ್ಟರು. ಕಂಕುಳಲ್ಲಿ ಮಗು, ಕೈಯಲ್ಲಿ ಕುಡುಗೋಲು, ತಲೆಗೆ ಕಟ್ಟಿದ ಬಟ್ಟೆ, ಎಲ್ಲವೂ ಯಾರಿಗಾದರೂ ಗುರುತು ಸಿಗುವಂತಿವೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅವರು ಮಾಡಿದ ಕನ್ನಡಿ ಹಿಡಿದ ಹೆಂಗಸಿನಲ್ಲಿ ಮೈ ಹುಡುಕಬೇಕಾಗುತ್ತದೆ. ಕೈ ಅದೇ, ಕಬ್ಬಿಣ ಅದೇ. ಮೈಯಿಂದ ಎಷ್ಟು ದೂರ ಹೋಗುವುದು ಅನ್ನುವುದನ್ನು ಪ್ರತಿ ಶಿಲ್ಪಕ್ಕೂ ಹೊಸದಾಗಿ ತೀರ್ಮಾನಿಸಬಹುದು. ಮೊದಲ ಸಲಕ್ಕೆ ತೀರ ದೂರ ಹೋಗಬೇಡಿ ಅಂತ ನನ್ನ ಸಲಹೆ.

ನೋಡುವಾಗ ಒಂದು ಕೆಲಸ ಮಾಡಿ. ಫೋಟೋ ಮೇಲೆ ತೆಳು ಕಾಗದ ಇಟ್ಟು ನಾಲ್ಕು ಗೆರೆ ಮಾತ್ರ ಎಳೆಯಿರಿ: ಭುಜದ ಗೆರೆ, ಸೊಂಟದ ಗೆರೆ, ಬೆನ್ನಿನ ಗೆರೆ, ಕತ್ತಿನಿಂದ ನೆಲಕ್ಕೆ ನೇರವಾಗಿ ಇಳಿಯುವ ಗೆರೆ. ಹತ್ತು ಶಿಲ್ಪಗಳಿಗೆ ಹೀಗೆ ಮಾಡಿದರೆ ಕಣ್ಣು ತಾನಾಗಿ ಭಾರ ಹುಡುಕಲು ಶುರು ಮಾಡುತ್ತದೆ.

ಭಂಗಿ ಮತ್ತು ತಂತಿಯ ಮಾದರಿ

ಈಗ ಎದ್ದು ನಿಂತು, ಮೈಭಾರವನ್ನೆಲ್ಲ ಬಲಗಾಲಿನ ಮೇಲೆ ಹಾಕಿ. ಬಲ ಸೊಂಟ ಮೇಲೇರುತ್ತದೆ. ಬಲ ಭುಜ ತುಸು ಕೆಳಗಿಳಿಯುತ್ತದೆ. ಎಡ ಮೊಣಕಾಲು ಸಡಿಲವಾಗುತ್ತದೆ. ಬೆನ್ನುಮೂಳೆ ಮೆಲ್ಲಗೆ ಬಳುಕುತ್ತದೆ. ಕತ್ತಿನ ಬುಡದ ಗುಳಿಯಿಂದ ತೂಗುಗುಂಡು ಬಿಟ್ಟರೆ ಅದು ಬಲ ಹಿಮ್ಮಡಿಯ ಹತ್ತಿರವೇ ಬೀಳುತ್ತದೆ. ನಿಂತ ಆಕೃತಿಯ ಗುಟ್ಟೆಲ್ಲ ಇಷ್ಟೇ. ಎರಡೂ ಕಾಲಿಗೆ ಸಮ ಭಾರ ಹಾಕಿ ನಿಲ್ಲಿಸಿದರೆ ಕಂಬದಂತೆ ಕಾಣುತ್ತದೆ. ಅದು ಬೇಕೆಂದೇ ಮಾಡುವುದಾದರೆ ಸರಿ, ಗೊತ್ತಿಲ್ಲದೆ ಆಗಬಾರದು.

2 ಮಿ.ಮೀ. ತಂತಿಯಲ್ಲಿ 20 ಸೆಂ.ಮೀ. ಎತ್ತರದ ಮಾದರಿ ಮಾಡಿಕೊಳ್ಳಿ. ತಗಡು ಬರುವ ಕಡೆ ರಟ್ಟು ಕತ್ತರಿಸಿ ಅಂಟಿಸಿ. ಮೈಯ ಅಳತೆ ಒಂದಿಷ್ಟು ನೆನಪಿರಲಿ: ನಿಂತ ಮನುಷ್ಯನ ಎತ್ತರ ಅವನ ತಲೆಯ ಏಳೂವರೆ ಪಟ್ಟು, ಎತ್ತರದ ಅರ್ಧ ಕಾಲುಗಳು ಕೂಡುವ ಜಾಗಕ್ಕೆ ಬರುತ್ತದೆ. 60 ಸೆಂ.ಮೀ. ಆಕೃತಿಗೆ ತಲೆ 8 ಸೆಂ.ಮೀ., ತೊಡೆಯ ಸಂಧು 30 ಸೆಂ.ಮೀ. ಎತ್ತರದಲ್ಲಿ. ಈ ಅಳತೆಯನ್ನು ನೀವು ಮುರಿಯುತ್ತೀರಿ, ಮುರಿಯಲೇಬೇಕು. ಎಲ್ಲಿ ಮುರಿದಿರಿ ಅಂತ ಗೊತ್ತಿದ್ದರೆ ಆಯಿತು. ಕಾಲು ಉದ್ದ ಮಾಡಿದರೆ ಆಕೃತಿ ದೊಡ್ಡದಾಗಿ, ದೂರದಲ್ಲಿರುವಂತೆ ಕಾಣುತ್ತದೆ. ತಲೆ ದೊಡ್ಡದು ಮಾಡಿದರೆ ಮಗುವಿನ ಮೈ ನೆನಪಾಗುತ್ತದೆ.

ಮಾದರಿಯನ್ನು ಕತ್ತಲೆ ಕೋಣೆಯಲ್ಲಿಟ್ಟು ಟಾರ್ಚ್ ಬಿಡಿ. ಗೋಡೆಯ ಮೇಲೆ ಬೀಳುವ ನೆರಳನ್ನು ಸುತ್ತಲೂ ತಿರುಗಿಸಿ ನೋಡಿ. ಒಂದೇ ಕಡೆಯಿಂದ ಮನುಷ್ಯ ಕಂಡು, ಉಳಿದ ಕಡೆಯಿಂದ ಬರೀ ತಂತಿ ಕಂಡರೆ ಅದು ಇನ್ನೂ ಚಿತ್ರವೇ ಹೊರತು ಶಿಲ್ಪವಾಗಿಲ್ಲ. ಈ ಹಂತದಲ್ಲಿ ಅವಸರ ಮಾಡಬೇಡಿ. ತಂತಿ ಬಗ್ಗಿಸಿ ತಿದ್ದುವುದು ನಿಮಿಷದ ಕೆಲಸ, ಸರಳು ಕಡಿದು ತಿದ್ದುವುದಕ್ಕೆ ಅರ್ಧ ದಿನ ಬೇಕು.

ಸಾಮಾನು

ಸಾದಾ ಉಕ್ಕು, ಅಂದರೆ ಮೈಲ್ಡ್ ಸ್ಟೀಲ್, ಇದಕ್ಕೆ ಹೇಳಿ ಮಾಡಿಸಿದ ಲೋಹ. ಬಗ್ಗುತ್ತದೆ, ಬೆಸೆದುಕೊಳ್ಳುತ್ತದೆ, ತಪ್ಪಾದರೆ ಕಡಿದು ಮತ್ತೆ ಸೇರಿಸಬಹುದು. ಬೆನ್ನು ಮತ್ತು ಕಾಲಿಗೆ 8 ಮಿ.ಮೀ. ಸರಳು, ಕೈ ಮತ್ತು ಪಕ್ಕೆಗೆ 6 ಮಿ.ಮೀ., ಮೈಯ ಹೊರಮೈಗೆ 1.5ರಿಂದ 2 ಮಿ.ಮೀ. ತಗಡು. ಅಡಿಪಟ್ಟಿಗೆ 25 ಸೆಂ.ಮೀ. ಚೌಕದ 10 ಮಿ.ಮೀ. ದಪ್ಪದ ಪ್ಲೇಟ್ ಇರಲಿ. ಅದೊಂದೇ ಸುಮಾರು 5 ಕೆ.ಜಿ. ತೂಗುತ್ತದೆ, ಮೇಲಿನ ಆಕೃತಿ ಅದರ ಅರ್ಧದಷ್ಟು ತೂಗಬಹುದು. ಅಡಿ ಭಾರವಿದ್ದಷ್ಟೂ ಭಂಗಿಯನ್ನು ಧೈರ್ಯವಾಗಿ ವಾಲಿಸಬಹುದು.

ಗುಜರಿ ಸಾಮಾನು ಬಳಸುವುದೂ ಈ ಕಲೆಯಲ್ಲಿ ಹಳೆಯ ರೂಢಿ. ಅಮೆರಿಕದ ಡೇವಿಡ್ ಸ್ಮಿತ್ ಹಳೆಯ ಬೇಸಾಯದ ಸಲಕರಣೆಗಳನ್ನೂ, ಬಾಯ್ಲರ್ ಟ್ಯಾಂಕಿನ ಉಬ್ಬು ಮುಚ್ಚಳಗಳನ್ನೂ ಬೆಸೆದು ನಿಂತ ಆಕೃತಿಗಳನ್ನು ಮಾಡಿದರು. ಆದರೆ ಗುಜರಿಯ ತುಂಡು ತನ್ನ ಹಳೆಯ ಗುರುತನ್ನು ಬೇಗ ಬಿಟ್ಟುಕೊಡುವುದಿಲ್ಲ. ಸ್ಪ್ಯಾನರ್ ಕೈಯಾಗಿ, ಬೋಲ್ಟ್ ಕಣ್ಣಾಗಿ ಕೂತರೆ ನೋಡುವವರು ಮೊದಲು ಸ್ಪ್ಯಾನರನ್ನೇ ನೋಡುತ್ತಾರೆ. ನೋಡಿದ ಕೂಡಲೇ ಇದು ಯಾವುದರ ಭಾಗ ಅಂತ ಗೊತ್ತಾಗುವ ತುಂಡನ್ನು ಬದಿಗಿಡಿ. ಬಾಗು, ಉಬ್ಬು, ಅಂಚು ಮಾತ್ರ ಕಾಣುವ ತುಂಡನ್ನು ಆರಿಸಿ.

ಗುಜರಿಯಿಂದ ತರುವಾಗ ಕೆಲವನ್ನು ಮುಟ್ಟಲೇಬೇಡಿ. ಸತುವಿನ ಲೇಪವಿರುವ ಜಿಐ ತಗಡು, ಪೈಪುಗಳಿಗೆ ವೆಲ್ಡಿಂಗ್ ಕಾವು ತಾಗಿದರೆ ಸತು ಬೆಳ್ಳನೆ ಹೊಗೆಯಾಗಿ ಏಳುತ್ತದೆ. ಅದನ್ನು ಕುಡಿದವರಿಗೆ ಕೆಲವು ಗಂಟೆಯಲ್ಲಿ ಚಳಿಜ್ವರ ಬರುತ್ತದೆ. ಕ್ರೋಮ್ ಲೇಪದ ಹೊಗೆ ಇನ್ನೂ ಕೆಟ್ಟದ್ದು, ಶ್ವಾಸಕೋಶದ ಕ್ಯಾನ್ಸರಿಗೆ ದಾರಿ. ಪೆಟ್ರೋಲು, ಎಣ್ಣೆ, ದ್ರಾವಕ ತುಂಬಿದ್ದ ಡ್ರಮ್ಮು, ಟ್ಯಾಂಕು ಖಾಲಿ ಕಂಡರೂ ಒಳಗಿನ ಆವಿ ಸಿಡಿಯುತ್ತದೆ. ಜಿಡ್ಡು ತೆಗೆಯಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹೊಡೆದು ಅದೇ ಜಾಗಕ್ಕೆ ವೆಲ್ಡ್ ಮಾಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಸೋಪು ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿದರೆ ಸಾಕು.

ಮೈಮೇಲೆ ದಪ್ಪ ಹತ್ತಿ ಬಟ್ಟೆ ಇರಲಿ, ಸಿಂಥೆಟಿಕ್ ಬಟ್ಟೆ ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ವೆಲ್ಡಿಂಗ್ ಮುಖವಾಡದ ಗಾಜು 10 ಅಥವಾ 11ನೇ ನಂಬರಿನದು ಬೇಕು. ಆರ್ಕಿನ ಬೆಳಕು ಕಣ್ಣಿಗೆ ತಾಗಿದ್ದು ಆ ಕ್ಷಣ ಗೊತ್ತಾಗುವುದಿಲ್ಲ, ರಾತ್ರಿ ಕಣ್ಣಿಗೆ ಮರಳು ಹೊಯ್ದಂತೆ ಉರಿಯುತ್ತದೆ. ಗ್ರೈಂಡರಿನ ಗಾರ್ಡ್ ಬಿಚ್ಚಬೇಡಿ. ಕಟಿಂಗ್ ಡಿಸ್ಕಿನ ಪಕ್ಕದಿಂದ ಉಜ್ಜಬೇಡಿ, ಒಡೆದು ಹಾರುತ್ತದೆ. ಕೆಲಸ ಮುಗಿಸಿದ ಮೇಲೂ ಅರ್ಧ ಗಂಟೆ ಅಲ್ಲೇ ಇದ್ದು ಎಲ್ಲೂ ಕಿಡಿ ಹೊಗೆಯಾಡುತ್ತಿಲ್ಲ ಅಂತ ನೋಡಿ.

ಭಾರದ ಗೆರೆ

ಮೊದಲ ಸರಳು ಎಲ್ಲಕ್ಕಿಂತ ಮುಖ್ಯ. ತಲೆಯಿಂದ ಶುರುವಾಗಿ ಬೆನ್ನಿನಲ್ಲಿ ಇಳಿದು, ಭಾರ ಹೊತ್ತ ಕಾಲಿನ ಹಿಮ್ಮಡಿಗೆ ಮುಟ್ಟುವ ಒಂದೇ ಸರಳು ಅದು. ಅದನ್ನು ತುಂಡು ತುಂಡಾಗಿ ಸೇರಿಸಬೇಡಿ. ಒಂದೇ ಸರಳಿನ ಬಳುಕಿನಲ್ಲಿ ಇರುವ ಜೀವ ನಾಲ್ಕು ತುಂಡಿನ ಜೋಡಣೆಯಲ್ಲಿ ಬರುವುದಿಲ್ಲ.

ಮಾದರಿಯ ಗೆರೆಯನ್ನು ಮೂರು ಪಟ್ಟು ದೊಡ್ಡದಾಗಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಳ್ಳಿ. ಎದುರಿನಿಂದ ಕಾಣುವ ಗೆರೆ ಒಂದು, ಪಕ್ಕದಿಂದ ಕಾಣುವ ಗೆರೆ ಒಂದು. 8 ಮಿ.ಮೀ. ಸರಳು ಕಾಯಿಸದೆಯೇ ಬಗ್ಗುತ್ತದೆ. ಸರಳನ್ನು ವೈಸಿಗೆ ಹಿಡಿಸಿ, ಮೇಲಿನ ತುದಿಗೆ ಅರ್ಧ ಮೀಟರ್ ಪೈಪ್ ತೊಡಿಸಿ, ಪೈಪನ್ನು ಎಳೆಯಿರಿ. ಒಂದೇ ಜಾಗದಲ್ಲಿ ಜಗ್ಗಿದರೆ ಅಲ್ಲಿ ಮೂಲೆ ಬೀಳುತ್ತದೆ. ಮೈಯಲ್ಲಿ ಹಾಗೆ ಮೂಲೆ ಬೀಳುವುದು ಮೊಣಕಾಲು, ಮೊಣಕೈ, ಹಿಮ್ಮಡಿಯಲ್ಲಿ ಮಾತ್ರ. ಬೆನ್ನಿಗೆ ಬೇಕಾದದ್ದು ಉದ್ದನೆಯ ಬಳುಕು. ಅದಕ್ಕೆ ತುಸು ಬಗ್ಗಿಸಿ, ವೈಸ್ ಸಡಿಲಿಸಿ, ಸರಳನ್ನು 2 ಸೆಂ.ಮೀ. ಮೇಲೆಳೆದು ಮತ್ತೆ ತುಸು ಬಗ್ಗಿಸಿ. ಹೀಗೆ ಇಂಚಿಂಚಾಗಿ ಹೋಗಿ. ಕೈ ಬಿಟ್ಟ ಕೂಡಲೇ ಸರಳು ಸ್ವಲ್ಪ ಹಿಂದಕ್ಕೆ ಬರುತ್ತದೆ, ಆದ್ದರಿಂದ ಬೇಕಾದ್ದಕ್ಕಿಂತ ಒಂದು ಚೂರು ಜಾಸ್ತಿ ಬಗ್ಗಿಸಬೇಕು. ಪ್ರತಿ ಎಳೆತಕ್ಕೂ ನೆಲದ ಗೆರೆಯ ಮೇಲಿಟ್ಟು ನೋಡಿ. ಎದುರಿನ ಬಾಗು ಮುಗಿದ ಮೇಲೆ ಸರಳನ್ನು ಕಾಲು ಸುತ್ತು ತಿರುಗಿಸಿ ಪಕ್ಕದ ಬಾಗು ಮಾಡಿ: ಸೊಂಟದ ಹತ್ತಿರ ಒಳಕ್ಕೆ, ಬೆನ್ನಿನ ಮೇಲ್ಭಾಗದಲ್ಲಿ ಹೊರಕ್ಕೆ, ಕತ್ತಿನಲ್ಲಿ ಮತ್ತೆ ಒಳಕ್ಕೆ. ಸರಳು 10 ಮಿ.ಮೀ.ಗಿಂತ ದಪ್ಪವಿದ್ದರೆ ಕೆಂಪಗೆ ಕಾಯಿಸಿ ಬಗ್ಗಿಸುವುದೇ ಸುಲಭ.

ಸರಳನ್ನು ಅಡಿಪಟ್ಟಿಯ ಮೇಲೆ ನಿಲ್ಲಿಸಿ, ಒಂದೇ ಒಂದು ಟ್ಯಾಕ್, ಅಂದರೆ ಸದ್ಯಕ್ಕೆ ಹಿಡಿದಿಡುವ ಚುಕ್ಕಿಯಷ್ಟು ವೆಲ್ಡ್, ಹಾಕಿ. ಕತ್ತಿನ ಜಾಗದಿಂದ ತೂಗುಗುಂಡು ಬಿಡಿ. ಹಿಮ್ಮಡಿಯ ಹತ್ತಿರ ಬಿದ್ದರೆ ಆಕೃತಿ ನಿರಾಳವಾಗಿ ನಿಂತಿದೆ. ಪಾದದ ಮುಂಭಾಗದ ಮೇಲೆ ಬಿದ್ದರೆ ಹೊರಡಲು ಸಿದ್ಧವಾಗಿದೆ. ಪಾದ ದಾಟಿ ಬಿದ್ದರೆ ಬೀಳುತ್ತಿದೆ. ಮೂರೂ ಒಳ್ಳೆಯ ಶಿಲ್ಪವೇ, ಯಾವುದು ಬೇಕೋ ನೀವು ಆರಿಸಿ. ಆದರೆ ಇಡೀ ಶಿಲ್ಪದ ತೂಕ ಮಾತ್ರ ಅಡಿಪಟ್ಟಿಯ ಒಳಗೇ ಬೀಳಬೇಕು. ಇಲ್ಲದಿದ್ದರೆ ಯಾರಾದರೂ ಕೈ ತಾಗಿಸಿದರೆ ಉರುಳುತ್ತದೆ.

ಉಳಿದ ಮೈ

ಎರಡನೆಯ ಕಾಲು, ಸೊಂಟದ ಅಡ್ಡ ಸರಳು, ಭುಜದ ಅಡ್ಡ ಸರಳು, ಈ ಕ್ರಮದಲ್ಲಿ ಬನ್ನಿ. ಸೊಂಟ ಮತ್ತು ಭುಜದ ಗೆರೆಗಳು ಒಂದಕ್ಕೊಂದು ಎದುರು ವಾಲಿರಬೇಕು. ಎಲ್ಲವನ್ನೂ ಟ್ಯಾಕ್ ಮಾತ್ರ ಹಾಕಿ ನಿಲ್ಲಿಸಿ, ಪೂರ್ತಿ ವೆಲ್ಡ್ ಬೇಡ. ಟ್ಯಾಕನ್ನು ಗ್ರೈಂಡರಿನಲ್ಲಿ ಕಡಿದು ಜಾಗ ಬದಲಿಸುವುದು ಸುಲಭ. 2.5 ಮಿ.ಮೀ. ವೆಲ್ಡಿಂಗ್ ರಾಡಿಗೆ 60ರಿಂದ 90 ಆಂಪ್ ಸಾಕು. ತಗಡಿಗೆ ಅಷ್ಟು ಕಾವು ಕೊಟ್ಟರೆ ತೂತು ಬೀಳುತ್ತದೆ, 2 ಮಿ.ಮೀ. ರಾಡು ಹಿಡಿದು ಆಂಪ್ ಇಳಿಸಿ.

ವೆಲ್ಡ್ ಆರುವಾಗ ಕುಗ್ಗುತ್ತದೆ, ಕುಗ್ಗುತ್ತ ಸರಳನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹೊಸಬರ ಆಕೃತಿ ಬೆಳಿಗ್ಗೆ ನೆಟ್ಟಗಿದ್ದದ್ದು ಸಂಜೆ ವಾಲಿರುವುದಕ್ಕೆ ಇದೇ ಕಾರಣ. ಎದುರು ಬದುರು ಕಡೆಗಳಲ್ಲಿ ಸ್ವಲ್ಪ ಸ್ವಲ್ಪವೇ ಬೆಸೆಯಿರಿ, ನಡುವೆ ಆರಲು ಬಿಡಿ. ಇದೇ ಎಳೆತವನ್ನು ಕೆಲಸಕ್ಕೂ ಹಚ್ಚಬಹುದು. ಮುಂದಕ್ಕೆ ತುಸು ಜಾಸ್ತಿ ಬಾಗಿದ ಆಕೃತಿಗೆ ಬೆನ್ನಿನ ಕಡೆ ಇನ್ನೊಂದು ಸಾಲು ವೆಲ್ಡ್ ಎಳೆದರೆ ಅದು ಹಿಂದಕ್ಕೆ ಬರುತ್ತದೆ.

ತಗಡು ಕಡಿಯುವ ಮೊದಲು ಪ್ರತಿ ತುಂಡನ್ನೂ ರಟ್ಟಿನಲ್ಲಿ ಕತ್ತರಿಸಿ ಆಕೃತಿಗೆ ಹಿಡಿದು ನೋಡಿ. ಉಬ್ಬು ಬೇಕಾದರೆ ತಗಡನ್ನು ಮರಳು ತುಂಬಿದ ತೊಗಲಿನ ಚೀಲದ ಮೇಲಿಟ್ಟು ದುಂಡು ಸುತ್ತಿಗೆಯಿಂದ ಅಂಚಿನಿಂದ ನಡುವಿಗೆ ಸುತ್ತುತ್ತ ಬಡಿಯಿರಿ. ಇಲ್ಲಿ ಒಂದು ಉಪಾಯವನ್ನು ಸ್ಪೇನಿನವರೇ ಆದ ಪಾಬ್ಲೊ ಗಾರ್ಗಾಯೊ ಅವರಿಂದ ಕಲಿಯಬೇಕು. ಮೈ ಉಬ್ಬಿರುವ ಕಡೆ ಅವರು ತಗಡನ್ನು ಒಳಕ್ಕೆ ತಗ್ಗಿಸಿ ಕೂರಿಸುತ್ತಿದ್ದರು. ಹೊಟ್ಟೆಯ ಜಾಗದಲ್ಲಿ, ಕೆನ್ನೆಯ ಜಾಗದಲ್ಲಿ ತಗ್ಗು. ಅದರಲ್ಲಿ ಬೀಳುವ ನೆರಳು ಮತ್ತು ಬೆಳಕಿನ ಅಂಚು ಸೇರಿ ಕಣ್ಣಿಗೆ ಉಬ್ಬಿದಂತೆಯೇ ಕಾಣುತ್ತದೆ. ಎದೆಯ ಒಂದು ಪಕ್ಕಕ್ಕೆ ಉಬ್ಬು ತಗಡು, ಇನ್ನೊಂದು ಪಕ್ಕಕ್ಕೆ ತಗ್ಗು ತಗಡು ಹಾಕಿ ನೋಡಿ. ಮೈ ತಿರುಗುತ್ತಿರುವಂತೆ ಅನ್ನಿಸುತ್ತದೆ.

ಎರಡು ತಗಡು ಕೂಡಿಸಿ ಒಳಗೆ ಪೊಳ್ಳಾಗಿ ಮುಚ್ಚುವುದಾದರೆ ಮೊದಲು ಒಂದು ಸಣ್ಣ ತೂತು ಕೊರೆದಿರಿ. ಒಳಗಿನ ಗಾಳಿ ಕಾದು ಹಿಗ್ಗಿದರೆ ಕೊನೆಯ ವೆಲ್ಡ್ ಕೂರುವುದಿಲ್ಲ, ಒಳಗೆ ನೀರಿನ ಪಸೆ ಇದ್ದರೆ ಸಿಡಿಯಲೂಬಹುದು.

ಬಿಟ್ಟ ಜಾಗ

ಎಲ್ಲಿ ಲೋಹ ಹಾಕುವುದಿಲ್ಲ ಅನ್ನುವುದೂ ಅಷ್ಟೇ ಗಟ್ಟಿ ತೀರ್ಮಾನ. ಅಲೆಕ್ಸಾಂಡರ್ ಆರ್ಕಿಪೆಂಕೊ 1915ರಲ್ಲಿ ತಲೆ ಬಾಚಿಕೊಳ್ಳುವ ಹೆಂಗಸನ್ನು ಮಾಡಿದಾಗ ಮುಖದ ಜಾಗದಲ್ಲಿ ಬರೀ ತೆರಪು ಬಿಟ್ಟರು. ಸುತ್ತ ತೋಳು, ಕೂದಲು ಇರುವುದರಿಂದ ಆ ತೆರಪೇ ತಲೆಯಾಗಿ ಕಾಣುತ್ತದೆ. ನಿಮ್ಮ ಆಕೃತಿಗೂ ಇದನ್ನು ಮಾಡಿ ನೋಡಿ. ಎತ್ತಿದ ಕೈ, ಬಾಗಿದ ಕತ್ತಿನ ಸರಳು, ಇವೆರಡರ ನಡುವಿನ ಗಾಳಿ ತಲೆಯ ಅಳತೆಗೆ ಬಂದರೆ ತಲೆ ಮಾಡುವ ಅಗತ್ಯವೇ ಇಲ್ಲ.

ತಲೆ ಮಾಡಲೇಬೇಕು ಅನ್ನಿಸಿದರೆ ಅದಕ್ಕೆ ದಿಕ್ಕು ಮಾತ್ರ ಕೊಡಿ. ಮಡಿಸಿದ ಒಂದು ತಗಡಿನ ಅಂಚು ಯಾವ ಕಡೆ ತಿರುಗಿದೆಯೋ ಆ ಕಡೆ ನೋಡುತ್ತಿದ್ದಾನೆ ಅಂತ ಎಲ್ಲರಿಗೂ ಅರ್ಥವಾಗುತ್ತದೆ. ಕಣ್ಣು ಕೊರೆದರೆ ನೋಡುವವರ ಗಮನವೆಲ್ಲ ಅಲ್ಲೇ ನಿಂತು, ಬೆನ್ನಿಗೆ ನೀವು ಪಟ್ಟ ಕಷ್ಟ ಯಾರಿಗೂ ಕಾಣದೆ ಹೋಗುತ್ತದೆ. ಕೈಗೂ ಅಷ್ಟೇ, ಬೆರಳಿನ ಬದಲು ತುದಿಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿದರೆ ಸಾಕು.

ಎಲ್ಲ ಟ್ಯಾಕ್ ಆದ ಮೇಲೆ ಒಂದು ಪರೀಕ್ಷೆ ಮಾಡಿ. ಒಂದೊಂದು ತುಂಡನ್ನೂ ಕೈಯಲ್ಲಿ ಮುಚ್ಚಿ ನೋಡಿ. ಮುಚ್ಚಿದರೂ ಆಕೃತಿ ಹಾಗೇ ನಿಂತಿದ್ದರೆ ಆ ತುಂಡನ್ನು ತೆಗೆಯಿರಿ. ಎಷ್ಟು ಇಷ್ಟವಾದ ತುಂಡಾದರೂ ತೆಗೆಯಿರಿ. ಭಾರ ಕುಸಿದಂತೆ ಕಂಡರೆ ಇಟ್ಟುಕೊಂಡು, ಆಮೇಲೆ ಪೂರ್ತಿ ವೆಲ್ಡ್ ಮಾಡಿ. ಕಿಟ್ಟ ಬಡಿದು ತೆಗೆದು, ತಂತಿ ಬ್ರಷ್ ಹಾಕಿ.

ವೆಲ್ಡಿನ ಗಂಟುಗಳನ್ನು ಉಜ್ಜಬೇಕೋ ಬಿಡಬೇಕೋ? ಎಲ್ಲವನ್ನೂ ಉಜ್ಜಿ ನಯ ಮಾಡಿದರೆ ಆಕೃತಿ ಎರಕ ಹೊಯ್ದಂತೆ ಕಾಣುತ್ತದೆ. ಎಲ್ಲವನ್ನೂ ಬಿಟ್ಟರೆ ಕಣ್ಣು ಗಂಟುಗಳಲ್ಲೇ ಸಿಕ್ಕಿಕೊಳ್ಳುತ್ತದೆ. ಮೈಯ ಕೀಲುಗಳಲ್ಲಿ ಬಿಡಿ, ಉದ್ದನೆಯ ಬಳುಕಿನ ಮೇಲೆ ಬಂದ ಗಂಟುಗಳನ್ನು ಉಜ್ಜಿ.

ಬಣ್ಣ, ತುಕ್ಕು, ಮೇಣ

ಒಳಗಿಡುವ ಶಿಲ್ಪಕ್ಕೆ ಮೇಣ ಸಾಕು. ಹೊಸ ಉಕ್ಕಿನ ಮೇಲಿರುವ ಕಪ್ಪು ಪೊರೆಯನ್ನು ಒಂದು ರಾತ್ರಿ ವಿನೆಗರಿನಲ್ಲಿ ನೆನೆಸಿ ತೆಗೆಯಿರಿ, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆಯಿರಿ, ಕೂಡಲೇ ಒಣಗಿಸಿ. ಹೀಟ್ ಗನ್ನಿನಲ್ಲಿ ಕೈ ಇಟ್ಟರೆ ಚುರುಕ್ ಅನ್ನುವಷ್ಟು ಬಿಸಿ ಮಾಡಿ ಮೇಣ ಹಚ್ಚಿ. ಬಿಸಿಗೆ ಮೇಣ ಕರಗಿ ಸಂದಿಗೊಂದಿಗೂ ಇಳಿಯುತ್ತದೆ. ಆರಿದ ಮೇಲೆ ಹತ್ತಿ ಬಟ್ಟೆಯಲ್ಲಿ ತಿಕ್ಕಿದರೆ ಉಕ್ಕು ಗಾಢವಾದ ಬೂದು ಬಣ್ಣಕ್ಕೆ ಬಂದು ಮೆಲ್ಲಗೆ ಹೊಳೆಯುತ್ತದೆ. ಅಗಸೆ ಎಣ್ಣೆ ಬಳಸುವವರು ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ಅದು ತಾನಾಗೇ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿ.

ಉಜ್ಜಿ ಹೊಳಪು ಬಂದ ಉಕ್ಕನ್ನು ಕಾಯಿಸಿದರೆ ಬಣ್ಣ ತಾನೇ ಬರುತ್ತದೆ. 220 ಡಿಗ್ರಿ ಸೆಲ್ಸಿಯಸ್ ಹತ್ತಿರ ಒಣಹುಲ್ಲಿನ ಹಳದಿ, 280ರ ಹತ್ತಿರ ನೇರಳೆ, 300ಕ್ಕೆ ನೀಲಿ. ಭುಜದ ತಗಡಿನ ಒಂದು ಅಂಚಿಗೆ ಮಾತ್ರ ಕಾವು ಕೊಟ್ಟರೆ ಚೆಂದ, ಮೈಯೆಲ್ಲ ಕೊಟ್ಟರೆ ಆಟಿಕೆಯಾಗುತ್ತದೆ.

ತುಕ್ಕಿನ ಬಣ್ಣ ಬೇಕಾದವರು ಉಪ್ಪು ನೀರು ಚಿಮುಕಿಸಿ ಒಣಗಿಸುವುದನ್ನು ಹಲವು ಸಲ ಮಾಡಿ, ತೊಳೆದು, ಒಣಗಿಸಿ ಮೇಣ ಹಚ್ಚಿ. ಹೈಡ್ರೋಜನ್ ಪೆರಾಕ್ಸೈಡ್, ವಿನೆಗರ್ ಬೆರೆಸಿದರೆ ಬೇಗ ತುಕ್ಕು ಬರುತ್ತದೆ ನಿಜ, ಆದರೆ ಆ ಮಿಶ್ರಣವನ್ನು ಬಯಲಿನಲ್ಲೇ ಬಳಸಿ, ಬಾಟಲಿಗೆ ಹಾಕಿ ಮುಚ್ಚಿಡಬೇಡಿ.

ಬಯಲಲ್ಲಿ ನಿಲ್ಲಿಸುವುದಾದರೆ ಲೆಕ್ಕವೇ ಬೇರೆ. ಇಂಗ್ಲೆಂಡಿನಲ್ಲಿ 1998ರಲ್ಲಿ ನಿಂತ ಆ್ಯಂಟನಿ ಗೋರ್ಮ್ಲಿ ಅವರ 20 ಮೀ. ಎತ್ತರದ ರೆಕ್ಕೆಯ ಆಕೃತಿ ತುಕ್ಕಿನ ಬಣ್ಣದಲ್ಲೇ ಇದೆಯಲ್ಲ ಅಂತ ಕೇಳಬಹುದು. ಅದು ತಾಮ್ರ ಬೆರೆತ ಬೇರೆ ಜಾತಿಯ ಉಕ್ಕು, ಅದರ ತುಕ್ಕು ಗಟ್ಟಿ ಪೊರೆಯಾಗಿ ಒಳಗಿನ ಲೋಹವನ್ನು ಕಾಯುತ್ತದೆ. ಸಾದಾ ಉಕ್ಕಿನ ತುಕ್ಕು ಪದರ ಪದರವಾಗಿ ಉದುರುತ್ತಲೇ ಹೋಗುತ್ತದೆ. ಅದಕ್ಕೆ ಸತುವಿನ ಪ್ರೈಮರ್ ಹಾಕಿ ಮೇಲೆ ಬಣ್ಣ ಬಳಿಯಿರಿ. ನೀರು ನಿಲ್ಲುವ ಪ್ರತಿ ತಗ್ಗಿನ ಅಡಿಯಲ್ಲೂ ತೂತು ಕೊರೆಯಿರಿ. ತಾಮ್ರ, ಹಿತ್ತಾಳೆಯ ತುಂಡನ್ನು ಉಕ್ಕಿಗೆ ನೇರ ತಾಗಿಸಿದರೆ ಮಳೆನೀರಿನಲ್ಲಿ ಉಕ್ಕು ಬೇಗ ತಿಂದುಹೋಗುತ್ತದೆ.

ಇಡುವ ಜಾಗ

60 ಸೆಂ.ಮೀ. ಆಕೃತಿಯನ್ನು ನೆಲದ ಮೇಲಿಟ್ಟರೆ ಬೊಂಬೆಯಂತೆ ಕಾಣುತ್ತದೆ. ನಿಂತು ನೋಡುವವರ ಕಣ್ಣಿನ ಮಟ್ಟಕ್ಕೆ ಆಕೃತಿಯ ಎದೆ ಬರುವಂತೆ ಪೀಠ ಮಾಡಿ. ಬೆಳಕು ಮೇಲಿನಿಂದ, ಒಂದು ಪಕ್ಕದಿಂದ ಬರಲಿ. ಎದುರಿನಿಂದ ನೇರ ಬೆಳಕು ಬಿಟ್ಟರೆ ತಗ್ಗು, ಉಬ್ಬು ಎರಡೂ ಸಮತಟ್ಟಾಗಿ ಕಾಣುತ್ತವೆ. ಗೋಡೆಗೆ ತಾಗಿಸದೆ, ಸುತ್ತ ನಡೆಯಲು ಜಾಗ ಬಿಡಿ. ಪೀಠಕ್ಕೆ ಬೋಲ್ಟ್ ಹಾಕಿ ಬಿಗಿಯಿರಿ, ಮಕ್ಕಳ ಕೈಗೆ ತಾಗುವ ಅಂಚುಗಳನ್ನು ಅರದಿಂದ ದುಂಡು ಮಾಡಿ. ವರ್ಷಕ್ಕೊಮ್ಮೆ ಧೂಳು ಒರೆಸಿ ಹೊಸ ಮೇಣ ಹಚ್ಚಿ. ಮುಟ್ಟಿ ಮುಟ್ಟಿ ಮೇಣ ಸವೆದ ಜಾಗಕ್ಕೆ ತುಕ್ಕು ಬಂದಿದ್ದರೆ ಸಣ್ಣ ಉಕ್ಕಿನ ನಾರಿನಿಂದ ಅಷ್ಟೇ ಜಾಗವನ್ನು ತಿಕ್ಕಿ, ಬಿಸಿ ಮಾಡಿ, ಮತ್ತೆ ಮೇಣ ಕೊಡಿ.